ಹಸಿರು ಗೋಡೆಯ ಒಳಗಿನ ಮಕ್ಕಳು

ಶಾಲೆಯೆಂದರೆ ಸೆರೆಮನೆ ಎಂಬ ಮಾತು ಹೊಸದಲ್ಲ. ಮಕ್ಕಳು ಅದನ್ನು ಬೇಸರದಿಂದ ಹೇಳುತ್ತಾರೆ, ದೊಡ್ಡವರು ನಕ್ಕು ಮರೆಯುತ್ತಾರೆ. ಆದರೆ ಈ ಹೋಲಿಕೆ ಅಷ್ಟೇನೂ ಸಮರ್ಪಕವಲ್ಲ. ಸೆರೆಯಲ್ಲಿರುವವನಿಗೆ ತಾನು ಸೆರೆಯಲ್ಲಿದ್ದೇನೆಂಬುದು ತಿಳಿದಿರುತ್ತದೆ. ಹೊರಗೆ ಬೇರೊಂದು ಬದುಕಿದೆ ಎಂಬ ನೆನಪೂ ಇರುತ್ತದೆ. ನಮ್ಮ ಇಂದಿನ ಶಾಲಾ ಜೀವನವನ್ನು ಅರಿಯಲು ಹೆಚ್ಚು ಸೂಕ್ತವಾದ ಕನ್ನಡಿ ನೂರು ವರ್ಷಗಳ ಹಿಂದೆ ಬರೆದ ಒಂದು ರಷ್ಯನ್ ಕಾದಂಬರಿಯಲ್ಲಿದೆ. ಅದರ ಹೆಸರು ‘ನಾವು’. ಬರೆದವನು ಯೆವ್ಗೆನಿ ಜಮ್ಯಾತಿನ್.

ಜಮ್ಯಾತಿನ್ ವೃತ್ತಿಯಿಂದ ಹಡಗು ನಿರ್ಮಾಣದ ಎಂಜಿನಿಯರ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪ್ರದೇಶದ ಹಡಗುಕಟ್ಟೆಗಳಲ್ಲಿ ರಷ್ಯಾಕ್ಕಾಗಿ ಹಿಮಭಂಜಕ ಹಡಗುಗಳ ನಿರ್ಮಾಣದ ಮೇಲ್ವಿಚಾರಣೆ ನಡೆಸಿದವನು. ಯಂತ್ರದ ಶಿಸ್ತನ್ನು ಹತ್ತಿರದಿಂದ ಕಂಡ ಈತ 1920–21ರಲ್ಲಿ ‘ನಾವು’ ಬರೆದ. ತಾಯ್ನಾಡಿನಲ್ಲಿ ಅದರ ಪ್ರಕಟಣೆಗೆ ಅವಕಾಶ ದೊರೆಯಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಅನುವಾದವಾಗಿ ಅದು ಮೊದಲು ಅಚ್ಚಾಯಿತು. 1931ರಲ್ಲಿ ದೇಶ ತೊರೆದ ಲೇಖಕ 1937ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಪುಸ್ತಕ ಅವನ ದೇಶದಲ್ಲಿ ಬೆಳಕು ಕಂಡದ್ದು 1988ರಲ್ಲಿ. ನಮ್ಮ ಓದುಗರಲ್ಲಿ ಬಹುಮಂದಿ ಬಲ್ಲ ಜಾರ್ಜ್ ಆರ್ವೆಲ್ 1946ರಲ್ಲಿ ಇದರ ವಿಮರ್ಶೆ ಬರೆದಿದ್ದ. ಅವನ ‘1984’ ಪ್ರಕಟವಾದದ್ದು ಅದಾದ ಮೂರು ವರ್ಷಗಳ ಮೇಲೆ.

ಕಾದಂಬರಿಯ ‘ಏಕರಾಜ್ಯ’ದಲ್ಲಿ ಮನುಷ್ಯರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಕಥೆ ಹೇಳುವವನು ಡಿ-503. ಎಲ್ಲರಿಗೂ ಒಂದೇ ಸಮವಸ್ತ್ರ. ಮನೆಗಳೆಲ್ಲ ಗಾಜಿನವು, ಒಬ್ಬರು ಮಾಡುವುದು ಇನ್ನೊಬ್ಬರಿಗೆ ಕಾಣುತ್ತಲೇ ಇರುತ್ತದೆ. ಏಳುವುದು, ಉಣ್ಣುವುದು, ನಡೆಯುವುದು, ಮಲಗುವುದು ಎಲ್ಲವೂ ಒಂದು ಮಹಾ ವೇಳಾಪಟ್ಟಿಯ ಪ್ರಕಾರ. ಪ್ರತಿ ತುತ್ತನ್ನು ಐವತ್ತು ಸಲ ಅಗಿಯಬೇಕೆಂಬುದೂ ನಿಯಮ. ನಗರದ ಸುತ್ತ ‘ಹಸಿರು ಗೋಡೆ’. ಕಾಡು, ಪ್ರಾಣಿ, ಹೂವು, ಗಾಳಿಯ ಅಂಕೆಯಿಲ್ಲದ ಚಲನೆ ಎಲ್ಲವೂ ಅದರಾಚೆ. ಇವೆಲ್ಲದರಲ್ಲಿ ಓದುಗನನ್ನು ಬೆಚ್ಚಿಬೀಳಿಸುವ ಸಂಗತಿಯೆಂದರೆ, ಡಿ-503ಗೆ ಇದರಿಂದ ಯಾವ ದುಃಖವೂ ಇಲ್ಲ. ಅವನು ಸುಖಿ. ತನ್ನ ಸುಖವನ್ನು ಗಣಿತದಿಂದ ಸಾಧಿಸಿ ತೋರಿಸಬಲ್ಲೆನೆಂಬ ಹೆಮ್ಮೆಯವನು.

ಪರಿಸರದ ಪತ್ರಿಕೆಯಲ್ಲಿ ಈ ಕಥೆಯೇಕೆ ಎಂದು ಕೆಲವರಿಗೆ ಅನ್ನಿಸಬಹುದು. ವೇಳೆ, ಕಣ್ಣು, ಗೋಡೆ ಎಂಬ ಈ ಮೂರು ಸಾಧನಗಳು ನಮ್ಮ ಮಕ್ಕಳ ದಿನವನ್ನು ವರ್ಷದಿಂದ ವರ್ಷಕ್ಕೆ ಆಕ್ರಮಿಸುತ್ತಿವೆ ಎಂಬುದೇ ಅದಕ್ಕೆ ಕಾರಣ. ಒಂದೊಂದೂ ಮಕ್ಕಳ ಒಳಿತಿನ ಹೆಸರಿನಲ್ಲಿಯೇ ಬಂದಿದೆ ಎಂಬುದನ್ನು ಮರೆಯಬಾರದು.

ವೇಳಾಪಟ್ಟಿ

ಏಕರಾಜ್ಯದವರಿಗೆ ಪ್ರಾಚೀನರ ಸಾಹಿತ್ಯದಲ್ಲಿ ಅತ್ಯಂತ ಶ್ರೇಷ್ಠವಾಗಿ ಕಾಣುವುದು ರೈಲ್ವೆ ವೇಳಾಪಟ್ಟಿ. ಜಮ್ಯಾತಿನ್‌ನ ಈ ವ್ಯಂಗ್ಯ ಕನ್ನಡದಲ್ಲಿ ಇನ್ನೂ ಹರಿತವಾಗುತ್ತದೆ; ರೈಲಿಗೂ ಮಗುವಿಗೂ ನಾವು ಬಳಸುವುದು ‘ವೇಳಾಪಟ್ಟಿ’ ಎಂಬ ಒಂದೇ ಪದವನ್ನು. ರೈಲು ಒಂದು ನಿಲ್ದಾಣದಲ್ಲಿ ಹೆಚ್ಚು ಹೊತ್ತು ನಿಂತರೆ ಅದು ವಿಳಂಬ. ಮಗು ಒಂದು ಪಾಠದಲ್ಲಿ, ಒಂದು ಕೀಟದ ಮುಂದೆ, ಒಂದು ಪ್ರಶ್ನೆಯಲ್ಲಿ ಹೆಚ್ಚು ಹೊತ್ತು ನಿಂತರೆ ಅದನ್ನೂ ನಾವು ವಿಳಂಬವೆಂದೇ ಎಣಿಸುತ್ತೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆಗಳನ್ನೂ ಆರರಿಂದ ಎಂಟರವರೆಗೆ 220 ದಿನ, 1000 ಗಂಟೆಗಳನ್ನೂ ನಿಗದಿಪಡಿಸಿದೆ. ಇವು ಕನಿಷ್ಠ ಮಿತಿಗಳು. ಶಿಕ್ಷಕರೇ ಬಾರದ, ಬಾಗಿಲೇ ತೆರೆಯದ ಶಾಲೆಗಳಿದ್ದ ನಾಡಿನಲ್ಲಿ ಇಂತಹ ಕನಿಷ್ಠ ಅಗತ್ಯವಿತ್ತು. ಆದರೆ ಆ ಕಾಯ್ದೆಯಲ್ಲಿ ಗರಿಷ್ಠ ಮಿತಿಯ ಮಾತಿಲ್ಲ. ಬೆಳಗಿನ ವಿಶೇಷ ತರಗತಿ, ಸಂಜೆಯ ಟ್ಯೂಷನ್, ರಾತ್ರಿಯ ಮನೆಗೆಲಸ, ಭಾನುವಾರದ ಪರೀಕ್ಷೆ ಇವೆಲ್ಲ ಸೇರಿದರೆ ಮಗುವಿನ ದಿನದಲ್ಲಿ ಉಳಿಯುವುದೆಷ್ಟು? ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಪಾಠ ನಡೆಸಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಶಾಲೆ ಮುಗಿದ ಮೇಲೆ ಇನ್ನೂ ಐದು ಗಂಟೆ ಎಂಬುದನ್ನು ಸಂಯಮದ ಮಿತಿಯಾಗಿ ಬರೆಯಬೇಕಾದ ಸ್ಥಿತಿಗೆ ನಾವು ತಲುಪಿದ್ದೇವೆ.

ಏಕರಾಜ್ಯದಲ್ಲಿಯೂ ಪ್ರಜೆಗಳಿಗೆ ದಿನಕ್ಕೆ ಎರಡು ‘ಖಾಸಗಿ ಗಂಟೆ’ಗಳಿವೆ: ಸಂಜೆ ನಾಲ್ಕರಿಂದ ಐದು, ರಾತ್ರಿ ಒಂಬತ್ತರಿಂದ ಹತ್ತು. ಆ ಎರಡು ಗಂಟೆಗಳೂ ಒಂದು ದಿನ ವೇಳಾಪಟ್ಟಿಗೆ ಸೇರಿಹೋಗುತ್ತವೆಂದು ಡಿ-503 ಆಶಾವಾದದಿಂದ ಕಾಯುತ್ತಾನೆ. ಹತ್ತನೆಯ ತರಗತಿಯಲ್ಲಿ ಓದುವ ನಮ್ಮ ಮಗುವಿಗೆ ಆ ಎರಡು ಗಂಟೆಗಳಾದರೂ ಸಿಗುತ್ತಿವೆಯೇ ಎಂದು ಪ್ರತಿಯೊಬ್ಬ ಪಾಲಕರೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಈ ಆತಂಕ ನಮ್ಮಲ್ಲಿ ಈಗ ಹುಟ್ಟಿದ್ದಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ 1989ರಲ್ಲಿ ಮಾಡಿದ ಚೊಚ್ಚಲ ಭಾಷಣದ ವಿಷಯ ಮಕ್ಕಳ ಶಾಲಾಚೀಲದ ಹೊರೆಯಾಗಿತ್ತು. ಅನಂತರ 1992ರಲ್ಲಿ ವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಹೊರೆಯಿಲ್ಲದ ಕಲಿಕೆಯನ್ನು ಕುರಿತ ಅದರ ವರದಿ 1993ರಲ್ಲಿ ಬಂದಿತು. ಚೀಲದ ತೂಕಕ್ಕಿಂತ ದೊಡ್ಡ ಹೊರೆ ಅರ್ಥವಾಗದೆ ಕಲಿಯುವುದು ಎಂಬುದನ್ನು ಆ ವರದಿ ಸ್ಪಷ್ಟವಾಗಿ ಗುರುತಿಸಿತ್ತು. ಕಿಲೋಗ್ರಾಂಗಳಲ್ಲಿ ಅಳೆಯಬಹುದಾದ ಹೊರೆಯ ಬಗ್ಗೆ ಸುತ್ತೋಲೆಗಳು ಬಂದವು. ಗಂಟೆಗಳಲ್ಲಿ ಅಳೆಯಬೇಕಾದ ಹೊರೆ ಮಾತ್ರ ಬೆಳೆಯುತ್ತಲೇ ಹೋಯಿತು.

ಗಾಜಿನ ಕೋಣೆ

ಜಮ್ಯಾತಿನ್‌ನ ಗಾಜಿನ ಮನೆಗಳು ಈಗ ಕ್ಯಾಮೆರಾಗಳ ರೂಪದಲ್ಲಿ ತರಗತಿಗೆ ಬಂದಿವೆ. ದೆಹಲಿ ಸರ್ಕಾರ 2019ರಲ್ಲಿ ತನ್ನ ಶಾಲೆಗಳ ತರಗತಿಗಳಲ್ಲಿ ಕ್ಯಾಮೆರಾ ಅಳವಡಿಸಿ, ಪಾಲಕರು ತಮ್ಮ ಮೊಬೈಲಿನಲ್ಲಿಯೇ ಮಗುವನ್ನು ನೋಡಬಹುದಾದ ಯೋಜನೆಗೆ ಚಾಲನೆ ನೀಡಿತು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2025ರ ಜುಲೈಯಲ್ಲಿ ನಿಯಮ ತಿದ್ದಿ, ತನ್ನ ಶಾಲೆಗಳು ಪ್ರವೇಶದ್ವಾರ, ಮೊಗಸಾಲೆ, ತರಗತಿ, ಪ್ರಯೋಗಾಲಯ, ಗ್ರಂಥಾಲಯ, ಆಟದ ಬಯಲು ಎಲ್ಲೆಡೆ ದೃಶ್ಯದ ಜೊತೆಗೆ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾ ಇರಿಸಬೇಕೆಂದೂ ದಾಖಲೆಯನ್ನು ಕನಿಷ್ಠ 15 ದಿನ ಉಳಿಸಿಕೊಳ್ಳಬೇಕೆಂದೂ ವಿಧಿಸಿತು. ವಿನಾಯಿತಿ ಶೌಚಾಲಯಗಳಿಗೆ ಮಾತ್ರ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮುಖ ಗುರುತಿಸಿ ಹಾಜರಾತಿ ಪಡೆಯುವ ಪ್ರಸ್ತಾಪವೂ ಅದೇ ವರ್ಷ ಮುಂದೆ ಬಂದಿತು.

ಇದರ ಹಿಂದಿನ ಭಯ ಸುಳ್ಳಲ್ಲ. 2014ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಪುಟ್ಟ ಬಾಲಕಿಯ ಮೇಲೆ ನಡೆದ ಅತ್ಯಾಚಾರ ನಾಡನ್ನೇ ನಡುಗಿಸಿತು. ಪೊಲೀಸರು ಶಾಲೆಗಳಿಗೆ ನೀಡಿದ ಸುರಕ್ಷತಾ ಮಾರ್ಗಸೂಚಿಯಲ್ಲಿ ಕ್ಯಾಮೆರಾ ಸೇರಿದ್ದು ಆ ಬಳಿಕ. ಗೇಟಿನಲ್ಲಿ, ನಿರ್ಜನ ಮೂಲೆಯಲ್ಲಿ, ವಾಹನದಲ್ಲಿ ಕ್ಯಾಮೆರಾ ಬೇಕೆನ್ನುವ ತಾಯಿಯೊಡನೆ ನಮಗೆ ಜಗಳವಿಲ್ಲ. ಆದರೆ ಮೂವತ್ತು ಸಹಪಾಠಿಗಳೂ ಒಬ್ಬ ಶಿಕ್ಷಕಿಯೂ ಇರುವ ತರಗತಿಯಲ್ಲಿ, ಮಕ್ಕಳ ಮಾತನ್ನೂ ದಾಖಲಿಸುವ ಯಂತ್ರ ಕಾಯುತ್ತಿರುವುದು ಏನನ್ನು? ಅಲ್ಲಿ ಅದು ಅಪರಾಧಿಯನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ಶಿಸ್ತನ್ನು ಅಳೆಯುತ್ತದೆ. ತಪ್ಪು ಉತ್ತರ ಹೇಳುವ ಧೈರ್ಯ, ಗೆಳತಿಯ ಕಿವಿಯಲ್ಲಿ ಉಸುರುವ ಗುಟ್ಟು, ಪಾಠ ಬಿಟ್ಟು ಕಿಟಕಿಯಾಚೆ ಹರಿಯುವ ದೃಷ್ಟಿ, ಪಠ್ಯದಲ್ಲಿಲ್ಲದ ಮಾತನ್ನು ಆಡುವ ಶಿಕ್ಷಕರ ನಿರ್ಭೀತಿ ಇವು ಯಾರೂ ನೋಡುತ್ತಿಲ್ಲವೆಂಬ ನೆಮ್ಮದಿಯಲ್ಲಿ ಮಾತ್ರ ಬೆಳೆಯುವಂಥವು.

ಈ ದಾರಿ ಎಲ್ಲಿಗೆ ಹೋಗಬಹುದೆಂಬುದಕ್ಕೆ ಉದಾಹರಣೆಯಿದೆ. ಚೀನಾದ ಹಾಂಗ್‌ಝೌ ನಗರದ ಪ್ರೌಢಶಾಲೆಯೊಂದರಲ್ಲಿ 2018ರಲ್ಲಿ ಪ್ರತಿ 30 ಸೆಕೆಂಡಿಗೊಮ್ಮೆ ವಿದ್ಯಾರ್ಥಿಗಳ ಮುಖಭಾವವನ್ನು ಓದಿ, ಅವರು ಸಂತೋಷವಾಗಿದ್ದಾರೆಯೇ, ಕೋಪಗೊಂಡಿದ್ದಾರೆಯೇ ಎಂದು ವಿಂಗಡಿಸುವ ಯಂತ್ರವನ್ನು ಪರೀಕ್ಷಿಸಲಾಯಿತು. ಇದಕ್ಕೆ ಇನ್ನೊಂದು ತುದಿಯೂ ಉಂಟು. ಸ್ವೀಡನ್ನಿನ ಪುರಸಭೆಯೊಂದು ಶಾಲಾ ಹಾಜರಾತಿಗೆ ಮುಖ ಗುರುತಿನ ಯಂತ್ರ ಪ್ರಯೋಗಿಸಿದಾಗ ಅಲ್ಲಿನ ದತ್ತಾಂಶ ರಕ್ಷಣಾ ಸಂಸ್ಥೆ 2019ರಲ್ಲಿ 2 ಲಕ್ಷ ಕ್ರೋನಾ ದಂಡ ವಿಧಿಸಿತು. ಪಾಲಕರ ಒಪ್ಪಿಗೆ ಇತ್ತೆಂಬ ವಾದವನ್ನು ಅದು ಮಾನ್ಯ ಮಾಡಲಿಲ್ಲ. ಶಾಲೆಯ ಅಧೀನದಲ್ಲಿರುವವರ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಾಗಲಾರದು ಎಂಬುದು ಅದರ ನಿಲುವು. ನಮ್ಮಲ್ಲಿಯೂ ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟಿನಲ್ಲಿ ಸಾರಿದೆ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಹದಿನೆಂಟು ತುಂಬಿದವರಿಗೆ ಮಾತ್ರ ಮೀಸಲೆಂದು ಯಾವ ಸಾಲಿನಲ್ಲಿಯೂ ಬರೆದಿಲ್ಲ.

ಹಸಿರು ಗೋಡೆ

ಕಾದಂಬರಿಯ ಆರಂಭದಲ್ಲಿ ವಸಂತದ ಗಾಳಿ ಗೋಡೆಯಾಚೆಯಿಂದ ಯಾವುದೋ ಹೂವಿನ ಹಳದಿ ಪರಾಗವನ್ನು ಹೊತ್ತು ತರುತ್ತದೆ. ತುಟಿಯ ಮೇಲೆ ಕುಳಿತ ಆ ಸಿಹಿ ಡಿ-503ನ ತರ್ಕಬದ್ಧ ಯೋಚನೆಗೆ ಅಡ್ಡಿಯಾಗುತ್ತದೆ. ಏಕರಾಜ್ಯದ ಆಹಾರವೂ ಮಣ್ಣಿನಿಂದ ಬಂದದ್ದಲ್ಲ, ಕಲ್ಲೆಣ್ಣೆಯಿಂದ ತಯಾರಾದದ್ದು. ನಿಸರ್ಗದಿಂದ ಪೂರ್ತಿ ಬಿಡಿಸಿಕೊಂಡ ಮನುಷ್ಯನನ್ನು ಆಳುವುದು ಸುಲಭ ಎಂಬ ಈ ಒಳನೋಟ ನಮ್ಮ ಬಳಗದ ಓದುಗರಿಗೆ ಅಪರಿಚಿತವಾಗಿರಲಾರದು.

ಎಲ್ಲ ಹಂತದ ಶಿಕ್ಷಣದಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ನಿರ್ದೇಶಿಸಿತು. ನಾವೆಲ್ಲ ಅದನ್ನು ಸ್ವಾಗತಿಸಬೇಕಾದದ್ದೇ. ಆದರೆ ಕಾಲಕ್ರಮದಲ್ಲಿ ಪರಿಸರವೆಂಬುದು ವೇಳಾಪಟ್ಟಿಯ ಇನ್ನೊಂದು ಚೌಕವಾಯಿತು. ಅಮೆಜಾನ್ ಕಾಡಿನ ಮಹತ್ತ್ವವನ್ನು ಐದು ಅಂಕಗಳಿಗೆ ಬರೆಯಬಲ್ಲ ಮಗುವಿಗೆ ಶಾಲೆಯ ಕಾಂಪೌಂಡಿನ ಹಿಂದಿರುವ ಮುರುಗಲು ಯಾವುದು, ವಾಟೆ ಯಾವುದು, ಸುರಗಿ ಹೂ ಬಿಡುವುದು ಯಾವಾಗ ಎಂಬುದು ತಿಳಿಯದು. ಕಾಂಪೌಂಡಿನಾಚೆ ಹೋದರೆ ಉಂಬಳ ಕಚ್ಚುತ್ತದೆ, ಹಾವಿರುತ್ತದೆ, ಬಟ್ಟೆ ಕೊಳೆಯಾಗುತ್ತದೆ, ಪಾಠ ಹಿಂದೆ ಬೀಳುತ್ತದೆ. ಹೀಗೆ ಸಕಾರಣವಾಗಿಯೇ ಗೋಡೆ ಎತ್ತರವಾಗುತ್ತದೆ.

ಮಲೆನಾಡಿನ ಮಗುವಿಗೆ ಒಂದು ಕಾಲದಲ್ಲಿ ಈ ಗೋಡೆಯಲ್ಲಿ ಕಿಂಡಿಯೊಂದಿತ್ತು. ಅದು ಶಾಲೆಗೆ ನಡೆಯುವ ದಾರಿ. ಹೋಗುವಾಗ ಅವಸರವಿದ್ದರೂ ಬರುವಾಗ ಇರಲಿಲ್ಲ. ಕವಳಿಹಣ್ಣು, ನೇರಳೆ, ಮೊದಲ ಮಳೆಗೆ ಏಳುವ ಅಣಬೆ, ಗದ್ದೆಬದುವಿನ ಏಡಿ, ಹಳ್ಳದ ನೀರಿನ ಬಣ್ಣ ನೋಡಿ ಮೇಲೆ ಮಳೆ ಎಷ್ಟಾಗಿದೆಯೆಂದು ಹೇಳುವ ವಿದ್ಯೆ ಇವನ್ನೆಲ್ಲ ಯಾವ ಶಿಕ್ಷಕರೂ ಕಲಿಸಲಿಲ್ಲ, ಯಾರೂ ಪರೀಕ್ಷಿಸಲಿಲ್ಲ. ದೊಡ್ಡವರ ಕಣ್ಣಿಲ್ಲದ, ಗಂಟೆಯಿಲ್ಲದ, ಗೋಡೆಯಿಲ್ಲದ ಆ ಒಂದು ತಾಸು ಮಗುವಿನ ಸ್ವಂತದ್ದಾಗಿತ್ತು. ಮಕ್ಕಳ ಸಂಖ್ಯೆ ಕಡಿಮೆಯೆಂದು ಹತ್ತಿರದ ಶಾಲೆ ಮುಚ್ಚಿ, ದೂರದ ದೊಡ್ಡ ಶಾಲೆಗೆ ಹಳದಿ ವ್ಯಾನು ಬಂದಾಗ ಆ ತಾಸನ್ನು ನಾವು ಕಳೆದುಕೊಂಡೆವು. ಶಾಲೆಯ ವಿಲೀನವನ್ನು ಚರ್ಚಿಸುವಾಗ ಶಿಕ್ಷಕರ ಕೊರತೆ, ಕೊಠಡಿ, ಖರ್ಚು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈ ನಷ್ಟ ಮಾತ್ರ ಯಾವ ಕಡತಕ್ಕೂ ಸೇರುವುದಿಲ್ಲ.

ನಡೆಯುವ ದಾರಿಯನ್ನು ಬಣ್ಣಿಸುವಾಗ ಅದರ ಅಪಾಯವನ್ನು ಮರೆಮಾಚುವುದು ಅಪ್ರಾಮಾಣಿಕತೆ. ಮಳೆಗಾಲದ ಕಾಲುಸಂಕದಿಂದ ಜಾರಿ ಮಕ್ಕಳು ನೀರುಪಾಲಾದ ದುರಂತಗಳು ಪಶ್ಚಿಮಘಟ್ಟದ ಜಿಲ್ಲೆಗಳಲ್ಲಿ ನಡೆದಿವೆ. ಆ ಸಾವುಗಳಿಗೆ ಉತ್ತರ ಗಟ್ಟಿಯಾದ ಸಂಕ, ಹತ್ತಿರದ ಶಾಲೆ. ಇವೆರಡನ್ನೂ ಕೊಡದೆ ಮಗುವನ್ನು ವ್ಯಾನಿನೊಳಗೆ ಕೂರಿಸಿ ಕಳಿಸುವ ವ್ಯವಸ್ಥೆ ತನ್ನ ಹೊಣೆಯ ಭಾರವನ್ನು ಮಗುವಿನ ಸ್ವಾತಂತ್ರ್ಯದ ಮೇಲೆ ಹೊರಿಸುತ್ತದೆ.

ಹೋಲಿಕೆಯ ಮಿತಿ

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಶಾಲೆಯನ್ನು ಏಕರಾಜ್ಯಕ್ಕೆ ಹೋಲಿಸುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಆ ನಾಲ್ಕು ಗೋಡೆಗಳೇ ಬಿಡುಗಡೆಯಾಗಿದ್ದವು. ಮನೆಗೆಲಸ, ಕೂಲಿ, ಬಾಲ್ಯವಿವಾಹಗಳಿಂದ ಇಂದಿಗೂ ಎಷ್ಟೋ ಹೆಣ್ಣುಮಕ್ಕಳನ್ನು ಕಾಯುತ್ತಿರುವುದು ಶಾಲೆಯೇ. ಅಂಥವಳಿಗೆ ಶಾಲೆಯ ಗಂಟೆ ಶೃಂಖಲೆಯ ಸದ್ದಲ್ಲ; ಮನೆಯ ದುಡಿತದಿಂದ ದೊರೆತ ಬಿಡುವಿನ ಸದ್ದು. ಸಮವಸ್ತ್ರವೂ ಜಾತಿ, ಬಡತನಗಳನ್ನು ಒಂದಷ್ಟು ಹೊತ್ತು ಮರೆಸುವ ಬಟ್ಟೆಯಾಗಿ ಅವಳಿಗೆ ಕಾಣಬಹುದು.

ಈ ಆಕ್ಷೇಪ ನ್ಯಾಯವಾದದ್ದು. ಶಿಸ್ತೆಲ್ಲ ದಬ್ಬಾಳಿಕೆಯಲ್ಲ. ಕಾನೂನೂ ಏಕರಾಜ್ಯದ ಪಕ್ಷದಲ್ಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 29ನೆಯ ಪ್ರಕರಣ ಮಗು ಭಯ, ಆತಂಕಗಳಿಲ್ಲದೆ ತಾನೇ ಶೋಧಿಸಿ ಕಲಿಯಬೇಕೆನ್ನುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು, ಆಟಗಳನ್ನು ಹಕ್ಕೆಂದೇ ಹೇಳಿದೆ. ಕೇರಳದ ಮೂವರು ಮಕ್ಕಳು ತಮ್ಮ ಧರ್ಮಶ್ರದ್ಧೆಯ ಕಾರಣದಿಂದ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ನಿಂತಷ್ಟಕ್ಕೇ 1985ರಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟಾಗ, ಮರುವರ್ಷ ಸರ್ವೋಚ್ಚ ನ್ಯಾಯಾಲಯ ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಶಾಲೆಯ ಗೇಟಿನಲ್ಲಿ ಮಗುವಿನ ಮೂಲಭೂತ ಹಕ್ಕುಗಳು ಕಳಚಿ ಬೀಳುವುದಿಲ್ಲ ಎಂಬುದು ಆ ತೀರ್ಪಿನ ಸಾರ.

ಹಾಗಾದರೆ ಹೋಲಿಕೆ ಎಲ್ಲಿ ನಿಲ್ಲುತ್ತದೆ? ಜಮ್ಯಾತಿನ್ ತೋರಿಸುವ ಅಪಾಯ ಕ್ರೌರ್ಯಕ್ಕಿಂತ ಹೆಚ್ಚಾಗಿ ಪೂರ್ಣತೆಯದ್ದು. ಏನನ್ನೂ ಬಿಡದೆ ತುಂಬಬೇಕು, ಏನನ್ನೂ ಬಿಡದೆ ನೋಡಬೇಕು, ಅಂಕೆಗೆ ಸಿಗದ್ದನ್ನೆಲ್ಲ ಹೊರಗಿಡಬೇಕು ಎಂಬ ಹಟ ಅದು. ಡಿ-503 ಶಾಲಾ ಬಾಲಕನಾಗಿದ್ದಾಗ ಗಣಿತ ಪಾಠ ಹೇಳುತ್ತಿದ್ದ ಯಂತ್ರ ಒಮ್ಮೆ ಋಣ ಒಂದರ ವರ್ಗಮೂಲವನ್ನು ಪರಿಚಯಿಸುತ್ತದೆ. ಲೆಕ್ಕಕ್ಕೆ ಒಗ್ಗದ ಆ ಸಂಖ್ಯೆಗೆ ಹೆದರಿದ ಬಾಲಕ ಅತ್ತು, ಮೇಜು ಗುದ್ದಿ, ಅದನ್ನು ತನ್ನೊಳಗಿನಿಂದ ತೆಗೆದುಹಾಕಿರೆಂದು ಬೇಡುತ್ತಾನೆ. ಕೊನೆಗೆ ಏಕರಾಜ್ಯ ಎಲ್ಲ ಪ್ರಜೆಗಳಿಗೂ ಕಲ್ಪನಾಶಕ್ತಿಯನ್ನೇ ಸುಟ್ಟುಹಾಕುವ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುತ್ತದೆ. ಪಠ್ಯದಲ್ಲಿಲ್ಲದ ಪ್ರಶ್ನೆ ಎದುರಾದಾಗ ‘ಇದು ಪರೀಕ್ಷೆಗೆ ಬರುತ್ತದೆಯೇ’ ಎಂದು ಕೇಳುವ ಮಗುವಿಗೆ ಯಾವ ಶಸ್ತ್ರಚಿಕಿತ್ಸೆಯೂ ಬೇಕಾಗುವುದಿಲ್ಲ. ಅದು ಈಗಾಗಲೇ ಹತ್ತು ವರ್ಷಗಳಲ್ಲಿ, ನೋವಿಲ್ಲದೆ ಮುಗಿದುಹೋಗಿದೆ.

ಫುಲೆ ದಂಪತಿಗಳ ಶಾಲೆಗೂ ಏಕರಾಜ್ಯಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮೊದಲನೆಯದು ದಿನದ ಕೆಲವು ಗಂಟೆಗಳನ್ನು ತೆಗೆದುಕೊಂಡು ಉಳಿದ ಬದುಕನ್ನು ತೆರೆಯಿತು. ಎರಡನೆಯದು ಉಳಿದ ಬದುಕನ್ನೂ ಕೇಳುತ್ತದೆ.

ನಾವೇನು ಮಾಡಬಹುದು

ನಮ್ಮ ನಾಡಿನಲ್ಲಿ ಬೇರೆ ದಾರಿಗಳನ್ನು ನಡೆದು ತೋರಿಸಿದವರಿದ್ದಾರೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ನಿಸರ್ಗಗಳ ನಡುವೆ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ ಡೇವಿಡ್ ಹಾರ್ಸ್‌ಬರೊ 1972ರಲ್ಲಿ ಆರಂಭಿಸಿದ ನೀಲ್‌ಬಾಗ್ ಶಾಲೆಯಲ್ಲಿ ಹಳ್ಳಿಯ ಮಕ್ಕಳು ಪರೀಕ್ಷೆ, ಸ್ಪರ್ಧೆ, ಶಿಕ್ಷೆಗಳಿಲ್ಲದೆ ತಮ್ಮ ತಮ್ಮ ವೇಗದಲ್ಲಿ ಕಲಿತರು. ಎಲ್ಲ ಶಾಲೆಗಳೂ ಹಾಗಾಗಬೇಕೆಂದು ಹೇಳುವುದು ಸುಲಭ, ಆಗುವುದು ಕಷ್ಟ. ಆದರೆ ಪ್ರತಿ ಊರಿನಲ್ಲಿ ಈ ವರ್ಷವೇ ಆಗಬಹುದಾದ ಕೆಲಸಗಳಿವೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿವೆ. ನಮ್ಮ ಓದುಗರಲ್ಲಿ ಹಲವರು ಅವುಗಳ ಸದಸ್ಯರು. ಸುಣ್ಣಬಣ್ಣ, ಬಿಸಿಯೂಟಗಳ ಜೊತೆಗೆ ಮಕ್ಕಳ ದಿನಚರಿಯನ್ನೂ ಆ ಸಭೆಗಳಲ್ಲಿ ಚರ್ಚೆಗೆ ತರಬೇಕು. ದಿನಕ್ಕೆ ಕನಿಷ್ಠ ಎರಡು ಗಂಟೆ ಯಾವ ಪಾಠವೂ, ಟ್ಯೂಷನ್ನೂ, ‘ಚಟುವಟಿಕೆ’ಯೂ ತುಂಬದಂತೆ ಶಾಲೆ ಮತ್ತು ಮನೆ ಒಪ್ಪಂದ ಮಾಡಿಕೊಳ್ಳಬೇಕು. ಗೇಟಿಗೆ ಕ್ಯಾಮೆರಾ ಬಂದರೆ ಬರಲಿ. ತರಗತಿಯೊಳಗೆ, ಅದರಲ್ಲೂ ಮಾತನ್ನು ದಾಖಲಿಸುವ ಯಂತ್ರ ಬೇಡವೆಂದು ನಿರ್ಣಯಿಸಬೇಕು. ವಾರಕ್ಕೊಂದು ಅರ್ಧ ದಿನ ಮಕ್ಕಳು ಕಾಂಪೌಂಡಿನಾಚೆ ಇರಬೇಕು, ಅಂಕವಿಲ್ಲದೆ, ವರದಿಯಿಲ್ಲದೆ. ಹತ್ತಿರದ ಸಣ್ಣ ಶಾಲೆ ಉಳಿಯಬೇಕು, ಅಲ್ಲಿಗೆ ಹೋಗುವ ಸಂಕ ಗಟ್ಟಿಯಾಗಬೇಕು.

ಈ ಎಲ್ಲವನ್ನೂ ಮಕ್ಕಳ ಬಾಯಿಂದಲೇ ಕೇಳುವುದಕ್ಕೆ ವೇದಿಕೆಯೂ ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಕರ್ನಾಟಕ ಸರ್ಕಾರ 2006ರಲ್ಲಿಯೇ ಸುತ್ತೋಲೆ ಹೊರಡಿಸಿತು. ಹಲವೆಡೆ ಅದು ಸ್ವಾಗತ ಭಾಷಣ, ಬಿಸ್ಕತ್ತುಗಳಲ್ಲಿ ಮುಗಿಯುತ್ತದೆ. ಈ ಬಾರಿ ನಿಮ್ಮ ಪಂಚಾಯಿತಿಯ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ನಿಮ್ಮ ದಿನದಲ್ಲಿ ನಿಮ್ಮದೇ ಆದ ಹೊತ್ತು ಎಷ್ಟು ಎಂಬ ಒಂದು ಪ್ರಶ್ನೆಯನ್ನು ಮಕ್ಕಳಿಗೆ ಕೇಳಲು ಅಧ್ಯಕ್ಷರನ್ನು ಕೋರಿ. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ.

ಕಾದಂಬರಿಯ ಕೊನೆಯಲ್ಲಿ ಹಸಿರು ಗೋಡೆ ಒಡೆದು ಹಕ್ಕಿಗಳು ನಗರದ ಆಕಾಶಕ್ಕೆ ನುಗ್ಗುತ್ತವೆ. ಆದರೆ ಆ ಬಳಿಕ ಡಿ-503ನ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹೋರಾಟ ಇನ್ನೂ ನಡೆಯುತ್ತಿರುವಾಗಲೇ ಅವನು ನಿರ್ವಿಕಾರನಾಗಿ ಏಕರಾಜ್ಯದ ಗೆಲುವನ್ನು ಬಯಸುತ್ತಾನೆ. ಕಾಡನ್ನು ಉಳಿಸುವ ನಮ್ಮ ಕೆಲಸಕ್ಕೆ ಇದರಲ್ಲಿ ಎಚ್ಚರಿಕೆಯಿದೆ. ಗೋಡೆ ಒಡೆದ ದಿನ ಹಕ್ಕಿಯನ್ನು ಕಂಡು ತಲೆಯೆತ್ತಬಲ್ಲ ಮಕ್ಕಳು ನಮ್ಮಲ್ಲಿ ಉಳಿದಿರಬೇಕು.